ಪುಟ ಹನ್ನೊಂದರ ಎಡಗೈ

ಗೋಣಿಕೊಪ್ಪದಲ್ಲಿ, ಬಸ್‌ಸ್ಟ್ಯಾಂಡಿನ ಹಿಂದೆ,
ಮೊಬೈಲ್ ರಿಪೇರಿ ಅಂಗಡಿಯ ಮಹಡಿಯಲ್ಲಿ ನನ್ನ ಡಿಟಿಪಿ.
ಮದುವೆ ಕಾಗದ, ತಿಥಿ ಕಾಗದ, ಹಾಕಿ ಪಂದ್ಯದ ಬ್ಯಾನರು,
ಮೂರು ತಿಂಗಳಿಗೊಮ್ಮೆ ಇವುಗಳ ಸಂದಿಯಲ್ಲಿ
ಒಂದು ಸಂಗೀತ ಪತ್ರಿಕೆ: ಮೂವತ್ತೆರಡು ಪುಟ, ಎರಡು ಪಿನ್ನು,
ಬೆಲೆ ಇಪ್ಪತ್ತೈದು, ಚಿಲ್ಲರೆ ಇಲ್ಲದಿದ್ದರೆ ಇಪ್ಪತ್ತು.

ಸಂಪಾದಕರು ಹವಾಲ್ದಾರ್ ಪಳಂಗಪ್ಪ,
ಪಲ್ಟನ್ನಿನ ಬ್ಯಾಂಡಿನಲ್ಲಿ ಹದಿನೇಳು ವರ್ಷ ಟ್ರಂಬೋನ್ ಊದಿ
ಈಗಲೂ ಮಾತಾಡುವ ಮೊದಲು ಕೆನ್ನೆ ಉಬ್ಬಿಸುವವರು.
"ಓದುವವರು ಯಾರು, ಅದು ಹೇಳಿ ಮೊದಲು" ಎಂದೆ.
ಬೆರಳು ಮಡಚಿದರು:
ಗಿಟಾರು ಕಲಿಯುವ ಕಾಲೇಜು ಹುಡುಗಿಯರು,
ವಾಲಗದವರು, ಚರ್ಚಿನ ಕ್ವಾಯರು,
ಸ್ಕೂಲಿನ ಸಂಗೀತ ಟೀಚರು,
ಪೆನ್ಷನ್ ದಿನ ಬ್ಯಾಂಕಿನ ಮುಂದೆ ಕೂರುವವರು.
ಹೆಬ್ಬೆರಳಿಗೆ ಬಂದು ನಿಂತರು. "ಮತ್ತೆ ನನ್ನ ಹೆಂಡತಿ."

ಒಂದೇ ಮುಖಪುಟಕ್ಕೆ ಇಷ್ಟು ಮನೆಯ ನೆಂಟರು!
ಹುಡುಗಿಯರಿಗೆಂದು ಕಪ್ಪಿನ ಮೇಲೆ ಅರಿಶಿನದ ತಲೆಬರಹ,
ಓರೆಯಾಗಿ, ಬೀಳುವ ಹಾಗೆ, ಬೀಳದ ಹಾಗೆ.
ಪೆನ್ಷನಿನವರಿಗೆ ಹದಿನಾಲ್ಕು ಪಾಯಿಂಟಿನ ಅಕ್ಷರ.
ಟೀಚರಿಗೆ ಸ್ವರಗಳ ಚೌಕ, ಕತ್ತರಿಸಿಕೊಳ್ಳಲು ಚುಕ್ಕಿಗೆರೆ.
ಸಾಲು ಸಾಲಿನ ನಡುವೆ ಕೊಂಚ ಗಾಳಿ;
ನಮ್ಮ ಒತ್ತಕ್ಷರ ಕಾಲು ಚಾಚಿ ಮಲಗುವ ಜಾತಿ,
ಕೆಳಗಿನ ಸಾಲಿನ ಗುಡಿಸಿಗೆ ಒದೆಯುತ್ತದೆ.
ಇದನ್ನೆಲ್ಲ ಯಾರೂ ಮೆಚ್ಚುವುದಿಲ್ಲ.
ಕೆಟ್ಟಿದ್ದರೆ ಮಾತ್ರ ಪತ್ರಿಕೆಯನ್ನು ಬೇಗ ಮಡಚುತ್ತಾರೆ,
ಏಕೆಂದು ಅವರಿಗೂ ತಿಳಿಯದೆ.

ಪುಟ ಹನ್ನೊಂದು. ಬಾಳೆಲೆಯ ಚೋಮುಣಿ, ಕೈಯಲ್ಲಿ ದುಡಿ,
ಬಲಕ್ಕೆ ನೋಡುತ್ತಿದ್ದಾರೆ, ಪುಟದ ಹೊರಗೆ.
ನಾನು ಕಲಿತ ಪಾಠ: ಮುಖ ಒಳಗೆ ನೋಡಬೇಕು,
ಚಿತ್ರದ ಕಣ್ಣು ಹೋದ ಕಡೆ ಓದುಗರ ಕಣ್ಣು.
ಹೊರಗೆ ನೋಡಿದರೆ ಗಿರಾಕಿ ಹೊರಗೇ ಹೋದ.
ಒಂದು ಕ್ಲಿಕ್. ಚೋಮುಣಿ ತಿರುಗಿದರು.
ಅಕ್ಕಪಕ್ಕ ಹಾಡುತ್ತಿದ್ದ ಮೂವರನ್ನೂ ಕತ್ತರಿಸಿದೆ,
ಒಬ್ಬರ ಭುಜ ಮಾತ್ರ ಉಳಿಯಿತು, ಅದನ್ನು ನೆರಳು ಮಾಡಿದೆ.
ಚಂದ ಬಂತು. ನೂರೈವತ್ತು ಪ್ರತಿ ಹೆಚ್ಚು ಹೋಯಿತು.
ಪಳಂಗಪ್ಪ ಕೆನ್ನೆ ಉಬ್ಬಿಸಿ, ಏನೂ ಹೇಳದೆ,
ಒಂದು ಚಿಪ್ಪು ಬಾಳೆಹಣ್ಣು ಮೇಜಿನ ಮೇಲಿಟ್ಟು ಹೋದರು.

ಎರಡು ತಿಂಗಳ ಮೇಲೆ, ಒಂದು ಸೋಮವಾರ,
ಚೋಮುಣಿಯೇ ಮಹಡಿ ಹತ್ತಿ ಬಂದರು.
ಅಂಗಿ ಜೇಬಲ್ಲಿ ಪತ್ರಿಕೆ, ನಾಲ್ಕು ಮಡಿಕೆ.
"ಇದ್ ನಾನಲ್ಲ" ಅಂದರು.
ಬಯ್ಯಲಿಲ್ಲ. ನನ್ನ ಪೆನ್ನು ಎತ್ತಿಕೊಂಡು
ಬಲಗೈಯಲ್ಲಿ ಮೇಜು ತಟ್ಟಿದರು,
ಎಡಗೈ ಗಾಳಿಯಲ್ಲಿ ದುಡಿಯ ಸೊಂಟ ಹಿಡಿದಿತ್ತು.
ಮಾನಿಟರು ನಡುಗಿತು. ಮೌಸು ತಾನಾಗಿ ಸರಿಯಿತು.
"ಮೊನ್ನೆ ಒಬ್ಬ ಹುಡುಗ ಬಂದ, ಪೊನ್ನಂಪೇಟೆಯವ,
ಕಲಿಯುತ್ತೇನೆ ಅಂದ. ಕೋಲು ಎಡಗೈಯಲ್ಲಿ.
ಯಾರು ಕಲಿಸಿದ್ದು ಅಂತ ಕೇಳಿದೆ.
ನೀವೇ, ಅಂದ."

ಪಳಂಗಪ್ಪನವರ ಬೆರಳುಗಳಲ್ಲಿ ಆ ಹುಡುಗ ಇರಲಿಲ್ಲ,
ಅಕ್ಷರ ಬಿಟ್ಟು ಕೈಯನ್ನು ಓದುವವನು.

ಈ ಸಂಚಿಕೆಯಲ್ಲಿ ನಾಲ್ವರೂ ಇದ್ದಾರೆ, ನಡುಪುಟದಲ್ಲಿ,
ಹದಿನಾರು ಹದಿನೇಳು ಸೇರಿ.
ಚೋಮುಣಿ ಬಲಕ್ಕೇ ನೋಡುತ್ತಾರೆ: ಅಲ್ಲಿ ಪಕ್ಕದವರು
ಪದದ ತುದಿ ಬಿಡುತ್ತಿದ್ದಾರೆ, ಇವರು ಹಿಡಿಯಬೇಕು.
ಪಿನ್ನು ಮೂರನೆಯವರ ಮೊಣಕೈಗೆ ಬಿತ್ತು, ಕ್ಷಮೆ ಇರಲಿ.
ಮುಖಪುಟದ ಅರಿಶಿನ ಹಾಗೇ ಇದೆ, ಹುಡುಗಿಯರಿಗೆ.
ತಿದ್ದುಪಡಿ ಕೊನೆಯ ಪುಟದಲ್ಲಿ,
ಆರು ಪಾಯಿಂಟಲ್ಲ, ಹದಿನಾಲ್ಕು.

ಹುಡುಗ? ಫೋನಿನಲ್ಲಿ ಕೇಳಿದೆ.
ಇನ್ನೂ ಎಡಗೈಯೇ ಅಂತೆ.
ಬದಲಿಸಿದರೆ ಪೆಟ್ಟು ತಪ್ಪುತ್ತದಂತೆ.
"ಇರಲಿ" ಅಂದರು ಚೋಮುಣಿ,
"ಎದುರು ಕೂತರೆ ಕನ್ನಡಿಯ ಹಾಗೆ ಕಾಣ್ತಾನೆ."