ಸೊನ್ನೆಯ ಮೇಲೆ ಮಲಗಿದ ಮುಳ್ಳು

ಲೆತೆಬ್ರಹಾನ್ ಕಾರು ತಂದಾಗ ಅಸ್ಮಾರಾದಲ್ಲಿನ್ನೂ ಚಳಿ.
ಮೆದೆಬರಿನಲ್ಲಿ ಡಬ್ಬ ಬಡಿಯುವವರು ಆಗಷ್ಟೇ
ಸುತ್ತಿಗೆ ಎತ್ತಿದ್ದರು.
ಐವತ್ತೇಳನೇ ಇಸವಿಯ ಫಿಯೆಟ್. ಬಣ್ಣ ಕೇಳಬೇಡಿ,
ಒಂದೊಂದು ಬಾಗಿಲಿಗೆ ಒಂದೊಂದು ಹಸಿರು.

“ಎಲ್ಲ ಸರಿಯಿದೆ ವೊಲ್ದೆಯಾಬ್, ಈ ಮುಳ್ಳೊಂದು ಏಳುವುದಿಲ್ಲ.
ಟ್ಯಾಂಕು ತುಂಬಿದರೂ ಸೊನ್ನೆಯ ಮೇಲೇ ಮಲಗಿರುತ್ತೆ,
ನನಗೆ ಹಾಲುಹಲ್ಲು ಬೀಳುತ್ತಿದ್ದ ಕಾಲದಿಂದ.”

ಮತ್ತೆ ಇಷ್ಟು ವರ್ಷ?

ಸೀಟಿನಡಿಯಿಂದ ಕೋಲೊಂದು ತೆಗೆದಳು.
ನೀಲಗಿರಿ ಮರದ್ದು, ಮೊಳದುದ್ದ,
ಐದೈದು ಲೀಟರಿಗೊಂದು ಗೀಟು, ಚಾಕುವಿನಲ್ಲಿ ಕೊರೆದದ್ದು,
ಕೊರೆದವನ ಕಸುಬು ಹೇಳುವಷ್ಟು ನೇರ.

ಅವಳಪ್ಪ ಹಬ್ತೆಜ್ಗಿ ತೂಕ-ಅಳತೆ ಕಚೇರಿಯ ಗುಮಾಸ್ತ.
ತಕ್ಕಡಿ ತಟ್ಟೆಯಡಿ ಮೇಣ ಮೆತ್ತಿದವರು
ಅವನ ಕೆಮ್ಮು ಕೇಳಿದರೇ ಅಂಗಡಿ ಬಾಗಿಲೆಳೆಯುತ್ತಿದ್ದರು.
ಒಂದು ಹಿಡಿ ಮೆಣಸಿನಪುಡಿ ಕಮ್ಮಿಯೆಂದು
ಸ್ವಂತ ಭಾವನಿಗೇ ದಂಡ ಹಾಕಿದ ಮನುಷ್ಯ.

ವೈರು ಬಿಚ್ಚಿ ಕಾರಿನ ಮೈಗೆ ತಾಗಿಸಿದೆ.
ಮುಳ್ಳು ಬೆಚ್ಚಿ ಆ ತುದಿಗೆ ಹಾರಿತು.
ಅಂದರೆ ರೋಗ ಮುಖದಲ್ಲಿಲ್ಲ,
ಹೊಟ್ಟೆಯಲ್ಲಿ.

ಟ್ಯಾಂಕಿನ ಮುಚ್ಚಳಕ್ಕೆ ಆರು ತಿರುಪು, ಎರಡು ಸವೆದವು,
ಒಂದು ನನ್ನ ಹೆಬ್ಬೆರಳಿನ ಚರ್ಮ ಕೇಳಿತು, ಕೊಟ್ಟೆ.
ತೆಳ್ಳನೆ ತೋಳಿನ ತುದಿಯಲ್ಲಿ ಹಿತ್ತಾಳೆಯ ತೇಲುಬುರುಡೆ,
ನಿಂಬೆಹಣ್ಣಿನಷ್ಟು.
ಕಿವಿಯ ಬಳಿ ಹಿಡಿದು ಕುಲುಕಿದರೆ
ಒಳಗೆ ಗುಳುಗುಳು.
ತೇಲಬೇಕಾದದ್ದು ಕುಡಿದು ಮುಳುಗಿದೆ.

ಬಿಸಿನೀರಿಗೆ ಹಾಕಿ ಕಾದೆ.
ಒಂದೇ ಕಡೆಯಿಂದ ಗುಳ್ಳೆ, ಸಾಲುಸಾಲಾಗಿ.

ಸವೆದು ಬಿದ್ದ ತೂತು ನನಗೆ ಗೊತ್ತು,
ಅಂಚು ಹರಕು, ಸುತ್ತ ಹಸಿರು ಕಿಲುಬು.
ಇದು ದುಂಡಗಿತ್ತು. ಅಂಚು ಒಳಕ್ಕೆ ಬಾಗಿತ್ತು.
ಮೊಳೆಯಿಟ್ಟು ಕೊಟ್ಟ ಒಂದೇ ಏಟು.

ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.
ಕನ್ನಡಕ ತೆಗೆದು, ಮತ್ತೆ ಹಾಕಿ, ನೋಡಿದಳು.
“ಆ ವರ್ಷ ಸಿಪಾಯಿಗಳು ಓಡುವ ಗಾಡಿಗಳನ್ನೆಲ್ಲ ಒಯ್ದರು.
ನಮ್ಮ ಮನೆಗೂ ಬಂದರು, ಮೂರು ಸಲ.
ಕೀಲಿ ತಿರುವುವುದು, ಮುಳ್ಳು ನೋಡುವುದು, ಉಗಿದು ಹೋಗುವುದು.
ಒಣಗಿದ ಗಾಡಿ ತಳ್ಳಿಕೊಂಡು ಹೋಗಲು ಯಾರಿಗೆ ಪುರುಸೊತ್ತು?
ಬೀದಿಯ ನಾಲ್ಕು ಬಸುರಿಯರು ಇದೇ ಹಿಂದಿನ ಸೀಟಿನಲ್ಲಿ
ರಾತ್ರೋರಾತ್ರಿ ಆಸ್ಪತ್ರೆ ಮುಟ್ಟಿದರು.
ಅಪ್ಪನ ಅದೃಷ್ಟ ಅಂದುಕೊಂಡಿದ್ದೆ.”

ಜೀವಮಾನಕ್ಕೆ ಒಂದೇ ಒಂದು ಕಳ್ಳ ತೂಕ.
ಅದೂ ಎಷ್ಟು ಕರಾರುವಾಕ್ಕು!
ಹಳೆಯ ಬೆಸುಗೆಗೆ ತಾಗದಂತೆ, ಕೂದಲೆಳೆ ಈಚೆಗೆ,
ಎಂದಾದರೂ ಮುಚ್ಚಲು ಬಂದವನ ಕೈಗೆ
ಸಲೀಸಾಗಿ ಸಿಗುವಂತೆ.

ಕಾಫಿಯ ಮೊದಲ ಸುತ್ತಿಗೆ ಬುರುಡೆ ಹನಿಹನಿಯಾಗಿ ಕಾರಿಕೊಂಡಿತು.
ಎರಡನೆಯದಕ್ಕೆ ಬಿಸಿಲಲ್ಲಿ ಒಣಗಿ ವಾಸನೆ ಬಿಟ್ಟಿತು.
ಮೂರನೆಯದನ್ನು ಅವಳೊಬ್ಬಳೇ ಕುಡಿದಳು,
ನಾನು ಕಾದ ತಾಮ್ರದ ಮೂತಿ ಹಿಡಿದು, ಉಸಿರು ಹಿಡಿದು,
ಒಂದು ಹನಿ ಸೀಸ ಕೂರಿಸುತ್ತಿದ್ದೆ.
ಹನಿ ದಪ್ಪವಾದರೆ ತೂಕ ಏರಿ ಬುರುಡೆ ಮತ್ತೆ ಸುಳ್ಳಾಡುತ್ತೆ,
ಈ ಸಲ ನನ್ನ ಸುಳ್ಳು.

ಕುಲುಕಿದೆ. ಸದ್ದಿಲ್ಲ.

ಕೀಲಿ ತಿರುವಿದಳು. ಮುಳ್ಳು ನಡುಗಿತು,
ಬಾಣಂತಿ ಎದ್ದು ಕೂರುವ ಹಾಗೆ
ನಿಧಾನ ಮೇಲೆದ್ದು, ಕಾಲುಭಾಗದ ಗೆರೆ ಮುಟ್ಟುವ ಮುನ್ನ ನಿಂತಿತು.
ಅವಳು ಇಳಿದು ಹೋಗಿ ಕೋಲು ಅದ್ದಿ ನೋಡಿದಳು.
ಕೋಲು ಹೇಳಿದ್ದು ಒಂದು, ಮುಳ್ಳು ಹೇಳಿದ್ದು ಕೊಂಚ ಬೇರೆ.
“ಯಾರನ್ನು ನಂಬಲಿ?”
ಕೋಲನ್ನು, ಅಂದೆ. ಕೂಲಿ ಈಸಿಕೊಂಡೆ.

ಗೇಟಿನ ಬಳಿ ಮಾಂಸದಂಗಡಿಯ ಗಿದೆಯ್ ಕೈ ಅಡ್ಡ ಹಾಕಿದ.
“ಕೆರೆನ್ ಕಡೆಗಾ? ಪೆಟ್ರೋಲಿದೆಯಾ, ಅಕ್ಕಾ?”
ಅವಳ ಎಡಗೈ ತಾನೇ ತಾನಾಗಿ ಎದ್ದು
ಮೀಟರಿನ ಗಾಜು ಮುಚ್ಚಿತು.

ಆಮೇಲೆ ತೆಗೆದಳೋ ಇಲ್ಲವೋ ಕಾಣಲಿಲ್ಲ.
ಹಳೇ ಗಾಡಿ, ಹೊಗೆ ಬಹಳ.