ಐದು, ಆರರ ನಡುವೆ

ಗ್ಲಡಾನಿಯ ನಮ್ಮ ಕಟ್ಟಡದಲ್ಲಿ ಲಿಫ್ಟಿಗೂ ಬಾಯಿದೆ.
ಹತ್ತು ತೆತ್ರಿಯ ಬಿಲ್ಲೆ ಹಾಕಿದರೆ ಗುಂಡಿ ಉರಿಯುತ್ತದೆ,
ಇಲ್ಲವೆಂದರೆ ಒಂಬತ್ತು ಮಹಡಿಗೂ ಮಂಡಿಯೇ ಗತಿ.

ನಾಳೆ ಹನ್ನೊಂದಕ್ಕೆ ಸಂದರ್ಶನ, ಲಿಫ್ಟ್ ಕಂಪನಿಯಲ್ಲೇ.
ಅಡುಗೆಮನೆಯ ಮೇಜಿನ ತುಂಬ ಚೀಟಿಗಳು,
ಪ್ರಶ್ನೆ ಈ ಬೆನ್ನಿಗೆ, ಉತ್ತರ ಆ ಬೆನ್ನಿಗೆ.
ಎದುರುತೂಕ ಎಷ್ಟಿರಬೇಕು?
ಖಾಲಿ ಡಬ್ಬಿಯ ತೂಕ, ಜೊತೆಗೆ ಪೂರ್ತಿ ಹೊರೆಯ ಅರ್ಧ.
ಯಾಕೆ ಅರ್ಧ?
ಯಾಕೆಂದರೆ (ಇಲ್ಲಿ ಚಹಾದ ಕಲೆ, ಅಕ್ಷರ ಕದಡಿದೆ)
ಡಬ್ಬಿ ತುಂಬಿ ಬರುತ್ತದೋ ಖಾಲಿ ಬರುತ್ತದೋ
ಮೋಟರಿಗೆ ಮೊದಲೇ ತಿಳಿಯದು.
ನಾಲ್ಕು ವರ್ಷ ಉರು ಹೊಡೆದದ್ದೆಲ್ಲ
ಗಂಟಲವರೆಗೆ ಬರುತ್ತದೆ, ನಾಲಿಗೆಗೆ ಬರುವುದಿಲ್ಲ.
ತಮ್ಮ ಬೆಸೊ ಅಮ್ಮನ ಕನ್ನಡಕ ಏರಿಸಿ ಪರೀಕ್ಷಕನಾಗಿ ಕೂತ,
ನಾಲ್ಕನೇ ಪ್ರಶ್ನೆಗೇ ಆಕಳಿಸಿದ.

ಬ್ರೆಡ್ಡು ಮುಗಿದಿತ್ತು. ಎಂಟೂವರೆಗೆ ಕೆಳಗಿಳಿದೆ.
ವಾಪಸು ಬರುವಾಗ ಜೊತೆಗೆ ಹತ್ತಿದರು
ಏಳನೇ ಮಹಡಿಯ ತ್ಸಿಯಾಲಾ ಅಜ್ಜಿ,
ಕೈಯಲ್ಲಿ ಹುಳಿಪ್ಲಮ್ಮಿನ ಗೊಜ್ಜಿನ ಎರಡು ಸೀಸೆ.
ಬಿಲ್ಲೆ ಅವರದೇ: "ನೀನಿನ್ನೂ ದುಡಿಯುವವಳಲ್ಲ, ತೇಕ್ಲೆ."
ಐದು, ಆರರ ನಡುವೆ ದೀಪ ಹೋಯಿತು.
ಮೊದಲು ಕಟಕ್ ಅಂದಿತು. ಆಮೇಲೆ ಏನೂ ಅನ್ನಲಿಲ್ಲ.

"ಬೀಳುತ್ತದೆಯೇನೇ?"
"ಇಲ್ಲ ಅಜ್ಜಿ. ಆ ಕಟಕ್ ಬ್ರೇಕಿನದು.
ಬಿಗಿಯುವುದು ಸ್ಪ್ರಿಂಗು, ಬಿಡಿಸುವುದಷ್ಟೇ ಕರೆಂಟು.
ಕರೆಂಟು ಹೋದರೆ ಅದು ಕೈಬಿಡುವುದಿಲ್ಲ, ಹಿಡಿದುಕೊಳ್ಳುತ್ತದೆ."
ಕತ್ತಲಲ್ಲಿ, ಚೀಟಿಯಿಲ್ಲದೆ ಹೇಳಿದ್ದೆ. ನನಗೇ ಆಶ್ಚರ್ಯ.
"ಹಗ್ಗ ಹರಿದರೆ?"
"ನಾಲ್ಕಿವೆ. ಒಂದೇ ಸಾಕು."
"ನಾಲ್ಕೂ ಹರಿದರೆ?"
"ಮೇಲೊಂದು ಚಕ್ರವಿದೆ, ವೇಗ ಮಿತಿ ಮೀರಿದರೆ ಅದಕ್ಕೆ ಸಿಟ್ಟು ಬರುತ್ತದೆ,
ಆಗ ಡಬ್ಬಿಯಡಿಯ ಬೆಣೆಗಳು ಹಳಿಯನ್ನು ಕಚ್ಚಿಕೊಳ್ಳುತ್ತವೆ."
"ಬೆಣೆಗೆ ತುಕ್ಕು ಹಿಡಿದಿದ್ದರೆ?"

ಗಾಜಿಗೆ ಗಾಜು ತಾಕಿ ಸಣ್ಣಗೆ ಸದ್ದಾಗುತ್ತಿತ್ತು;
ಅಜ್ಜಿಯ ಕೈ ನಡುಗುತ್ತಿದೆ ಎಂದು ಆಗ ತಿಳಿಯಿತು.
"ಗೊತ್ತಿಲ್ಲ," ಅಂದೆ. "ಗುಂಡಿಗಿಳಿದು ನೋಡಬೇಕು."
ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.
"ನನ್ನ ಗಂಡ ಟ್ರಾಲಿಬಸ್ಸು ರಿಪೇರಿ ಮಾಡುತ್ತಿದ್ದ.
ಗೊತ್ತಿಲ್ಲ ಅನ್ನುವ ಮಾತು ಅವನ ಬಾಯಲ್ಲಿ ಒಮ್ಮೆಯೂ ಬರಲಿಲ್ಲ.
ಎರಡು ಬೆರಳು ಕಳಕೊಂಡ."

ದೋಣಿಯಂಥ ಬ್ರೆಡ್ಡು ಮುರಿದು, ಗೊಜ್ಜಿಗದ್ದಿ, ಕತ್ತಲಲ್ಲೇ ತಿಂದೆವು.
ಕಾಲು ಗಂಟೆಗೆ ಕರೆಂಟು ಬಂತು, ಲಿಫ್ಟು ಮಾತ್ರ ಮಿಸುಕಲಿಲ್ಲ.
ಮೇಲಿನ ಮಷೀನ್ ಕೋಣೆಯ ಕೀಲಿ ಮೂರನೇ ಮಹಡಿಯ ಝೌರ್ ಹತ್ತಿರ,
ಝೌರ್ ರುಸ್ತಾವಿಯಲ್ಲಿ, ಮದುವೆಯೂಟದಲ್ಲಿ,
ಸತ್ತ ಹಿರಿಯರ ಹೆಸರಲ್ಲಿ ಬಟ್ಟಲೆತ್ತುತ್ತಿದ್ದಾನಂತೆ,
ನಡುವೆ ಎದ್ದು ಬರುವುದು ಮರ್ಯಾದೆಯಲ್ಲವಂತೆ.
ಬಾಗಿಲು ತೆರೆದಾಗ ಹನ್ನೊಂದೂಕಾಲು.
ಅಜ್ಜಿ ಮೊದಲು ಸೀಸೆಗಳನ್ನು ದಾಟಿಸಿದರು, ಆಮೇಲೆ ತಮ್ಮನ್ನು.

ಬೆಳಗ್ಗೆ ಮೆಟ್ಟಿಲಿಳಿದೇ ಹೋದೆ.
ಮೇಜಿನಾಚೆ ಮೂವರು. ನಡುವೆ ಗಿಡ್ಡ ಕೂದಲಿನ ಹೆಂಗಸು,
ಹೆಬ್ಬೆರಳಿನ ಉಗುರಿನಡಿ ತೊಳೆದರೂ ಹೋಗದ ಗ್ರೀಸು.
ಕಾಗದದಲ್ಲಿ ರಾಟೆ ಬರೆದು, ಯಾಕೆ ಅರ್ಧ, ಅಂದರು.
ಹೇಳಿದೆ. ಬ್ರೇಕು ಕೇಳಿದರು. ಅದನ್ನೂ ಹೇಳಿದೆ,
ನಾಲಿಗೆಯ ತುದಿಯಲ್ಲಿ ಇನ್ನೂ ಪ್ಲಮ್ಮಿನ ಹುಳಿ.
ತಂತಿಯ ಸವೆತದ ಲೆಕ್ಕದಲ್ಲಿ ಎಡವಿದೆ, ಒಂದು ಸೊನ್ನೆ ಹೆಚ್ಚಾಯಿತು.
"ನಿಮ್ಮದೇನಾದರೂ ಪ್ರಶ್ನೆ?" ಎಡಗಡೆಯವನು ಗಡಿಯಾರ ನೋಡಿದ.
ಸಂಬಳ ಕೇಳಬೇಡ ಎಂದು ಚೀಟಿಯಲ್ಲಿತ್ತು.
ಕೇಳಿದೆ: "ಲಿಫ್ಟು ನಿಂತ ರಾತ್ರಿ
ಕೀಲಿ ಯಾರ ಜೇಬಿನಲ್ಲಿರುತ್ತದೆ?"

ಇಬ್ಬರು ನಕ್ಕರು.
ಆ ಹೆಂಗಸು ನಗಲಿಲ್ಲ,
ಮುಚ್ಚಿಟ್ಟಿದ್ದ ಪೆನ್ನಿನ ಮುಚ್ಚಳ ಮತ್ತೆ ತೆಗೆದರು.