ಚೆಕ್ಕುಬಂದಿ

ಉಪ್ಪಳ ಪೇಟೆಯಲ್ಲಿ, ಜೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ ನನ್ನ ಮೇಜು.
ಆಧಾರ ಬರೆಯುತ್ತೇನೆ.
ಮಲಯಾಳದಲ್ಲಿ ಆಧಾರವೆಂದರೆ ಜಾಗದ ಪತ್ರ,
ಕನ್ನಡದಲ್ಲಿ, ಬೀಳುವಾಗ ಹಿಡಿದುಕೊಳ್ಳುವಂಥದ್ದು.
ಎರಡಕ್ಕೂ ಸೇರಿ ಒಂದೇ ಫೀಸು.

ಗುರುವಾರ ಕಾಯರ್‌ಮೂಲೆಯಿಂದ ದೇಯಿಯಕ್ಕ ಬಂದರು,
ಎರಡು ಬಸ್ಸು ಬದಲಿಸಿ.
ಬಿಸ್ಕತ್ತಿನ ಡಬ್ಬಿಯೊಳಗೆ ಹಳದಿ ಬಟ್ಟೆ,
ಬಟ್ಟೆಯೊಳಗೆ ಐದು ಕಾಗದ,
ಮಡಿಕೆ ಮಡಿಕೆಯಲ್ಲೂ ಗೆದ್ದಲಿನ ಸರ್ವೆ.
"ಹನ್ನೊಂದೂವರೆ ಸೆಂಟ್ಸು, ಮಗಳ ಹೆಸರಿಗೆ ಮಾಡಿಕೊಡು ಮಾರಾಯ್ತಿ."

ಬಿಡಿಸಿದೆ.
ಅತಿ ಹಳತರಲ್ಲಿ ಮದರಾಸು ಆಧಿಪತ್ಯ, ದಕ್ಷಿಣ ಕನ್ನಡ ಜಿಲ್ಲೆ,
ಮುದ್ರೆಯಲ್ಲಿ ರಾಜನ ತಲೆ, ಗಡ್ಡದವರೆಗೆ ಮಾತ್ರ ಉಳಿದದ್ದು.
ಅದರ ಮೇಲಿನದು ಐವತ್ತೇಳರ ಜನವರಿ,
ನನ್ನ ಅಜ್ಜನ ಕೈಬರಹ:
ಮಲಬಾರು ಜಿಲ್ಲೆ ಎಂದು ಬರೆದು, ಹೊಡೆದು, ಮೇಲೆ ಕಣ್ಣೂರು.
ಎರಡೇ ತಿಂಗಳಲ್ಲಿ ಬೆರಳಿಗೆ ಹತ್ತಿದ್ದ ಅಭ್ಯಾಸ.
ಆ ಮಳೆಗಾಲದಿಂದ ಬೇಸಗೆಯೊಳಗೆ ಅಜ್ಜ
ಮೂರು ಜಿಲ್ಲೆಗಳಲ್ಲಿ ಕೂತು ಬರೆದರಂತೆ,
ಕೂತಿದ್ದ ಹಲಗೆಯಿಂದ ಏಳದೆ.

ಮತ್ತಿನದರಲ್ಲಿ ತಾಲೂಕೇ ಬಲಿತು ಜಿಲ್ಲೆಯಾಗಿದೆ.
ಕೊನೆಯದರಲ್ಲಿ ಆ ಜಿಲ್ಲೆಗೆ ಮರಿತಾಲೂಕು, ಮಂಜೇಶ್ವರ.
"ಮೊನ್ನೆ ವಾರ್ಡನ್ನೂ ಹರಿದು ಹೊಲಿದರಲ್ಲ," ದೇಯಿಯಕ್ಕ ನಕ್ಕರು,
"ನಾನು ಏಳು, ತಮ್ಮ ಒಂಬತ್ತು, ನಡುವೆ ಬಾವಿ."
ಬಾವಿ ಯಾವ ವಾರ್ಡು?
"ನೀರಿರುವಷ್ಟು ದಿನ ಯಾರೂ ಕೇಳುವುದಿಲ್ಲ."

ಮೇಲಿನ ಸಾಲುಗಳೆಲ್ಲ ಹೀಗೆ ಮನೆ ಬದಲಿಸುತ್ತ ಹೋದವು.
ಕೆಳಗಿನ ನಾಲ್ಕು ಮಾತ್ರ, ಐದು ಕಾಗದದಲ್ಲೂ, ಕದಲದೆ:
ಮೂಡು, ಬಾಕುಡನ ಗದ್ದೆಯ ಹುಣಿ.
ತೆಂಕು, ಮೊಯ್ದುವಿನ ಬೇಲಿ.
ಪಡು, ನೀರು ಹರಿಯುವ ತೋಡು.
ಬಡಗು, ಕಾಸರಕನ ಮರ.

ಮೊಯ್ದು ತೀರಿಕೊಂಡು ಐವತ್ತು ವರ್ಷ.
ಅವನ ಬೇಲಿ ಮೂರು ಕೈ ದಾಟಿ ಈಗ ಕೆಂಪುಕಲ್ಲಿನ ಗೋಡೆ,
ಗೋಡೆಯ ಮೇಲೆ ಬಾಟಲಿಯ ಚೂರು.
ಕಾಗದದಲ್ಲಿ ಅವನಿನ್ನೂ ನೆರೆಯವನು,
ಬೇಕಾದರೆ ಹೋಗಿ ಬೆಂಕಿ ಕೇಳಬಹುದು.

ಮಲಯಾಳಕ್ಕೆ ಇಳಿಸತೊಡಗಿದೆ.
ಹುಣಿಗೆ ವರಂಬು ಎಂದು ಬರೆದೆ.
ತೋಡಿಗೆ ತೋಡೇ. ಅದು ಎರಡೂ ಭಾಷೆಯಲ್ಲಿ
ಒಂದೇ ಕಡೆಗೆ ಇಳಿಯುತ್ತದೆ.
ಕಾಸರಕನಿಗೆ ಕಾಞ್ಞಿರಂ; ಪೆನ್ನು ನಿಂತಿತು.
"ಮರ ಉಂಟಾ?"

"ಎಲ್ಲಿಯ ಮರ! ನನ್ನ ಮದುವೆಯ ವರ್ಷ ಸಿಡಿಲಿಗೆ ಹೋಯಿತು.
ಬುಡವನ್ನೂ ಕೀಳಿಸಿದರು ಮಾವ,
ದನವೂ ಮುಟ್ಟದ ಕಹಿ, ಯಾರಿಗೆ ಬೇಕು ಅಂತ.
ಸರ್ವೆಯ ಹುಡುಗನೂ ಇದೇ ಕೇಳಿದ.
ಅವನ ಕೈಯಲ್ಲಿ ಆಕಾಶ ನೋಡುವ ಯಂತ್ರ,
ಕಾಲ ಬುಡದಲ್ಲಿ ಖಾಲಿ ಪದವು.
ಮರ ತೋರಿಸಿ ಅಮ್ಮ, ಅಂದ.
ನಾಲ್ಕು ಗಂಟೆಯವರೆಗೆ ನಿಲ್ಲು, ಅಂದೆ.
ಮಜ್ಜಿಗೆ ಕೊಟ್ಟೆ."

ನಾಲ್ಕಕ್ಕೆ ಶಾಲೆ ಬಿಟ್ಟಿತಂತೆ.
ಮಕ್ಕಳು ಚೀಲ ಕುಣಿಸುತ್ತ ಬಂದರಂತೆ,
ತುಳು ಮಾತಾಡುತ್ತ, ಮಲಯಾಳದಲ್ಲಿ ಬೈಯುತ್ತ,
ಕನ್ನಡದ ಮಗ್ಗಿ ಹೇಳುತ್ತ,
ಮರವನ್ನು ಕಂಡವರು ಅವರಲ್ಲಿ ಒಬ್ಬರೂ ಇಲ್ಲ,
ಅವರ ಅಪ್ಪಂದಿರಲ್ಲೂ ಇಲ್ಲ.
ಬಟ್ಟ ಬಯಲಿನ ನಡುವೆ, ಅಡ್ಡ ಎಂತದೂ ಇಲ್ಲದಲ್ಲಿ,
ದಾರಿ ಬಲಕ್ಕೆ ಬಾಗುತ್ತದೆ, ಮತ್ತೆ ಎಡಕ್ಕೆ.
ಮಕ್ಕಳೂ ಬಾಗಿದರು.
ಒಬ್ಬಳು ಓಡುತ್ತಿದ್ದವಳು, ಓಡುತ್ತಲೇ ಬಾಗಿದಳು.

"ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ.
ಆಮೇಲೆ ಕಲ್ಲನ್ನು ಆ ಬಾಗಿನ ಒಳಗೇ ಹುಗಿದ."

ನಾನು ಮರವನ್ನು ಹೊಡೆದು ಹಾಕಲಿಲ್ಲ.
ರಿಜಿಸ್ಟ್ರಾರ್ ಕೇಳಿದರೆ ಹೇಳಲು ಏನೋ ಒಂದು ಯೋಚಿಸಿದೆ,
ಮರೆತೆ. ಅವರು ಕೇಳಲೂ ಇಲ್ಲ.

ಎಲ್ಲಿ ಸಹಿ, ಎಂದರು. ತೋರಿಸಿದೆ.
ಕನ್ನಡದಲ್ಲಿ, ನಿಧಾನಕ್ಕೆ,
ಮೂರನೇ ಕ್ಲಾಸಿನ ಸ್ಲೇಟಿನಿಂದ ಎದ್ದು ಬಂದ ಅಕ್ಷರ.
'ಯಿ'ಯ ಹತ್ತಿರ ಪೆನ್ನು ತುಂಬ ಅಗಲಕ್ಕೆ ಹೋಯಿತು,
ಗೆರೆ ದಾಟಿ, ಸ್ಟಾಂಪಿನ ಅಂಚು ಮುಟ್ಟಿ,
ಆಮೇಲೆ ತಾನಾಗಿ ತಿರುಗಿತು.